ಸವಾರ, ಗಾಡಿ ಮತ್ತು ದೇವರಾಯಸಮುದ್ರದ ದಾರಿ

ಕೋಲಾರ ದಾಟಿ ಮುಳಬಾಗಿಲಿನ ಕಡೆಗೆ ಹೊರಟರೆ ಹೆದ್ದಾರಿಯ ಅಕ್ಕಪಕ್ಕ ಬಂಡೆಗಳ ಸೀಮೆ ಶುರುವಾಗುತ್ತದೆ. ಯಾರೋ ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುವ ದುಂಡು ಕಲ್ಲುಗಳು, ಅವುಗಳ ಸಂದಿಯಲ್ಲಿ ಕುರುಚಲು ಗಿಡ, ಬುಡದಲ್ಲಿ ರಾಗಿ ಹೊಲ, ಟೊಮೆಟೊ ತೋಟ. ಇಂಥ ಬೆಟ್ಟಸಾಲಿನ ಮಗ್ಗುಲಲ್ಲಿ ದೇವರಾಯಸಮುದ್ರವಿದೆ. ಮುಳಬಾಗಿಲು ತಾಲ್ಲೂಕಿಗೆ ಸೇರಿದ ಊರು. ಬೆಂಗಳೂರಿನಿಂದ ಸುಮಾರು ಎರಡು ಗಂಟೆಯ ದಾರಿ. ಇಲ್ಲಿನ ಜನಕ್ಕೆ ಕನ್ನಡ ಎಷ್ಟು ಸಲೀಸೋ ತೆಲುಗೂ ಅಷ್ಟೇ ಸಲೀಸು.

ಹೆಸರಿನಲ್ಲಿ ಸಮುದ್ರವಿದೆ, ಆದರೆ ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಪಾಲಾರ್ ಕೂಡ ಮಳೆಗಾಲಕ್ಕೆ ಬಂದು ಹೋಗುವ ನೆಂಟ. ಹಾಗಾಗಿ ಹಿಂದಿನವರು ಬಿದ್ದ ಮಳೆಯನ್ನೇ ತಡೆದು ಕೆರೆ ಕಟ್ಟಿದರು. ಒಂದು ಕೆರೆ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ ಸೇರುವಂತೆ ಸರಪಳಿ ಹೆಣೆದರು. ದೊಡ್ಡ ಕೆರೆಗಳನ್ನು ಸಮುದ್ರ ಎಂದೇ ಕರೆದರು. ದೇವರಾಯ ಎಂಬ ಹೆಸರು ವಿಜಯನಗರದ ಕಾಲವನ್ನು ನೆನಪಿಗೆ ತರುತ್ತದೆ. ಆಗ ಮುಳಬಾಗಿಲು ಆ ಸಾಮ್ರಾಜ್ಯದ ಒಂದು ಪ್ರಾಂತ್ಯದ ಕೇಂದ್ರವಾಗಿತ್ತು. ‘ಶಿವತತ್ತ್ವ ಚಿಂತಾಮಣಿ’ ಬರೆದ ಲಕ್ಕಣ್ಣ ದಂಡೇಶ ಹದಿನೈದನೆಯ ಶತಮಾನದಲ್ಲಿ ಪ್ರೌಢದೇವರಾಯನ ಕೈಕೆಳಗೆ ಈ ಸೀಮೆಯನ್ನು ಆಳಿದವನು.

ದಾರಿಯೂ ಹಳೆಯದೇ. ಮೂಡಲ ಬಾಗಿಲು ಎಂಬುದೇ ಮುಳಬಾಗಿಲು ಆಯಿತು ಎನ್ನುತ್ತಾರೆ. ಮೈಸೂರು ಸೀಮೆಗೆ ಪೂರ್ವದಿಂದ ಬರುವವರಿಗೆ ಇದೇ ಹೆಬ್ಬಾಗಿಲು. 1768ರಲ್ಲಿ ಹೈದರ್ ಅಲಿಯ ಸೈನ್ಯಕ್ಕೂ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಕ್ಕೂ ಮುಳಬಾಗಿಲಿನ ಬಳಿ ಕಾಳಗವಾಯಿತು. ಅಂದು ಕುದುರೆಗಳು ಓಡಿದ ಸೀಮೆಯಲ್ಲಿ ಇಂದು ನಾಲ್ಕು ಪಥದ ಹೆದ್ದಾರಿ ಇದೆ. ಬಹುಕಾಲ ರಾಷ್ಟ್ರೀಯ ಹೆದ್ದಾರಿ 4 ಎಂದು ಹೆಸರಾಗಿದ್ದ ಇದಕ್ಕೆ ಈಗಿನ ಸಂಖ್ಯೆ 75. ಬಂಟ್ವಾಳದಲ್ಲಿ ಹುಟ್ಟಿ, ಶಿರಾಡಿ ಘಾಟಿ ಹತ್ತಿ, ಹಾಸನ, ಬೆಂಗಳೂರು, ಕೋಲಾರ, ಮುಳಬಾಗಿಲು ಹಾದು ವೆಲ್ಲೂರಿನ ಕಡೆಗೆ ಹೋಗುತ್ತದೆ.

ಕುದುರೆಯ ಜಾಗಕ್ಕೆ ಬಂದದ್ದು ಮೋಟಾರ್ ಸೈಕಲ್. ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಈ ಹೆದ್ದಾರಿಯಲ್ಲಿ ಅವುಗಳ ಸಾಲು ಕಾಣುತ್ತದೆ. ಕೆಲವರು ಮುಳಬಾಗಿಲಿನ ದೋಸೆಗೆಂದು ಹೊರಟವರು. ಮಧ್ಯಾಹ್ನದ ಊಟಕ್ಕೆ ಮನೆ ಸೇರುವವರು. ಇನ್ನು ಕೆಲವರ ಗಾಡಿಯ ಹಿಂಬದಿಯಲ್ಲಿ ಹಗ್ಗ ಬಿಗಿದ ಚೀಲ, ನೀರಿನ ಕ್ಯಾನು, ಮಳೆ ಕೋಟು ಇರುತ್ತವೆ. ಅವರು ತಿರುಪತಿ, ಚೆನ್ನೈ, ಇನ್ನೂ ದೂರದ ಹಾದಿ ಹಿಡಿದವರು. ನಿಲ್ಲುವ ಕಡೆಯಲ್ಲೆಲ್ಲ ಅವರು ಮೊದಲು ನೋಡುವುದು ಗಾಡಿಯನ್ನು. ಚೈನ್ ಸಡಿಲವಾಯಿತೇ, ಆಯಿಲ್ ಜಿನುಗುತ್ತಿದೆಯೇ, ಟಯರಿಗೆ ಮೊಳೆ ಹೊಕ್ಕಿದೆಯೇ ಎಂದು ಕಣ್ಣಾಡಿಸಿದ ಮೇಲೆಯೇ ಕಾಫಿ.

ಮೂರು ಕಾರ್ಖಾನೆಗಳ ರಸ್ತೆ

ಮೋಟಾರ್ ಸೈಕಲ್ಲಿನ ಚರಿತ್ರೆಯಲ್ಲಿ ಈ ರಸ್ತೆಗೆ ಒಂದು ವಿಶೇಷ ಸ್ಥಾನವಿದೆ. ಇದರ ಪೂರ್ವದ ತುದಿಯಲ್ಲಿ ಮದ್ರಾಸು. 1955ರಲ್ಲಿ ಅಲ್ಲಿನ ಮದ್ರಾಸ್ ಮೋಟಾರ್ಸ್ ಸಂಸ್ಥೆ ಇಂಗ್ಲೆಂಡಿನ ರಾಯಲ್ ಎನ್‌ಫೀಲ್ಡ್ ಜತೆ ಸೇರಿ ಎನ್‌ಫೀಲ್ಡ್ ಇಂಡಿಯಾ ಕಂಪನಿಯನ್ನು ಕಟ್ಟಿತು. ಮೊದಲು ಇಂಗ್ಲೆಂಡಿನಿಂದ ಬಂದ ಬಿಡಿಭಾಗಗಳನ್ನು ಜೋಡಿಸಿದರು, ಆಮೇಲೆ ತಿರುವೊಟ್ಟಿಯೂರಿನ ಕಾರ್ಖಾನೆಯಲ್ಲಿ ಇಡೀ ಗಾಡಿಯನ್ನೇ ತಯಾರಿಸಿದರು. ಎಪ್ಪತ್ತರ ದಶಕ ಕಾಲಿಡುವ ಹೊತ್ತಿಗೆ ಇಂಗ್ಲೆಂಡಿನ ಮೂಲ ಕಂಪನಿ ಮುಚ್ಚಿಹೋಯಿತು. ಬುಲೆಟ್ ಮಾತ್ರ ಮದ್ರಾಸಿನಲ್ಲಿ ಬದುಕಿ ಉಳಿಯಿತು.

ಇದೇ ದಾರಿಯಲ್ಲಿ ಪಶ್ಚಿಮಕ್ಕೆ ಬಂದು, ಬೆಂಗಳೂರು ದಾಟಿ ಮೈಸೂರಿಗೆ ಹೋದರೆ ಯಾದವಗಿರಿ. ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಅಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ಸ್ಥಾಪಿಸಿದರು. 1961ರಿಂದ ಜೆಕೊಸ್ಲೊವಾಕಿಯಾದ ಜಾವಾ ಗಾಡಿಗಳು ಮೈಸೂರಿನಲ್ಲಿ ತಯಾರಾಗತೊಡಗಿದವು. ಜಾವಾ ಎಂಬುದಕ್ಕೂ ಜಾವಾ ದ್ವೀಪಕ್ಕೂ ಸಂಬಂಧವಿಲ್ಲ. 1929ರಲ್ಲಿ ಕಂಪನಿ ಕಟ್ಟಿದ ಯಾನೆಚೆಕ್ ಎಂಬಾತನ ಹೆಸರಿನ ಮೊದಲ ಅಕ್ಷರಗಳಿಗೆ, ಆತ ಕೊಂಡುಕೊಂಡ ವಾಂಡರರ್ ಗಾಡಿಯ ಮೊದಲ ಅಕ್ಷರಗಳನ್ನು ಸೇರಿಸಿ ಮಾಡಿದ ಹೆಸರು ಅದು. ಎಪ್ಪತ್ತರ ದಶಕದಲ್ಲಿ ಮೈಸೂರಿನ ಗಾಡಿಗೆ ಎಜ್ಡಿ ಎಂಬ ಹೆಸರು ಬಂತು. ಇರಾನಿನ ಯಜ್ದ್ ಪಟ್ಟಣದ ನೆನಪು ಅದರಲ್ಲಿದೆ.

ಮೂರನೆಯ ಕಾರ್ಖಾನೆ ಕೋಲಾರ ಜಿಲ್ಲೆಯಲ್ಲೇ ಇದೆ. ಹೊಸಕೋಟೆ ದಾಟಿ ಕೋಲಾರಕ್ಕೆ ಬರುವಾಗ ಸಿಗುವ ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ 2013ರಿಂದ ಹೋಂಡಾ ಕಂಪನಿಯ ದ್ವಿಚಕ್ರ ವಾಹನಗಳು ಲಕ್ಷಗಟ್ಟಲೆ ತಯಾರಾಗುತ್ತಿವೆ. ಒಂದು ಕಾಲಕ್ಕೆ ಕೆ.ಜಿ.ಎಫ್.ನ ಚಿನ್ನದ ಗಣಿ ಈ ಸೀಮೆಯ ಯುವಕರಿಗೆ ಕೆಲಸ ಕೊಡುತ್ತಿತ್ತು. 2001ರಲ್ಲಿ ಗಣಿ ಮುಚ್ಚಿತು. ಇಂದು ಐ.ಟಿ.ಐ., ಡಿಪ್ಲೊಮಾ ಮುಗಿಸಿದ ಕೋಲಾರ, ಮಾಲೂರು, ಮುಳಬಾಗಿಲಿನ ಹುಡುಗರು ನರಸಾಪುರದ ಕಡೆ ನೋಡುತ್ತಾರೆ. ಹೀಗೆ ದೇವರಾಯಸಮುದ್ರದ ಮುಂದೆ ಹಾದುಹೋಗುವ ಗಾಡಿಗಳಲ್ಲಿ ಎಷ್ಟೋ ಈ ದಾರಿಯ ಮಕ್ಕಳೇ.

ಕಂಪನಿ ಮುಚ್ಚಿತು, ಗಾಡಿ ನಿಲ್ಲಲಿಲ್ಲ

ಜಾವಾ ಓಡಿಸಿದವರಿಗೆ ಅದರ ಕೆಲವು ಗುಣಗಳು ಮರೆಯುವುದಿಲ್ಲ. ಹೊಡೆಯುವ ಕಿಕ್ಕರ್ ಯಾವುದೋ ಗೇರು ಹಾಕುವ ಲಿವರ್ ಕೂಡ ಅದೇ. ಇಂಜಿನ್ನಿಗೆ ಸಿಲಿಂಡರ್ ಒಂದೇ, ಆದರೆ ಸೈಲೆನ್ಸರ್ ಎರಡು. ಪೆಟ್ರೋಲಿನ ಜತೆಗೇ ಆಯಿಲ್ ಬೆರೆಸಿ ಹಾಕಬೇಕು. ಬುಲೆಟ್ಟಿನದು ಬೇರೆ ಕ್ರಮ. ಹಳೆಯ ಬುಲೆಟ್ಟಿನಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಅದನ್ನು ಸ್ಟಾರ್ಟ್ ಮಾಡಲು ಆಂಪಿಯರ್ ಮೀಟರಿನ ಮುಳ್ಳು ನೋಡಿ, ಡಿಕಂಪ್ರೆಸರ್ ಒತ್ತಿ, ಪಿಸ್ಟನ್ ಸರಿಯಾದ ಜಾಗಕ್ಕೆ ಬಂದಾಗ ಒಂದೇ ಏಟಿಗೆ ಕಿಕ್ ಹೊಡೆಯಬೇಕು. ತಪ್ಪಿದರೆ ಕಿಕ್ಕರ್ ತಿರುಗಿ ಕಾಲಿಗೇ ಹೊಡೆಯುತ್ತಿತ್ತು. ಕಲಿಯಲು ವಾರಗಟ್ಟಲೆ ಬೇಕಾಗಿದ್ದ ಗಾಡಿ ಮಾಲೀಕನಿಗೆ ಹತ್ತಿರವಾಗುವುದು ಸಹಜ.

ವಿಜ್ಞಾನದ ವಿದ್ಯಾರ್ಥಿಗಳಿಗೆ ಇಲ್ಲೊಂದು ಪಾಠವಿದೆ. ಜಾವಾ, ಎಜ್ಡಿಗಳದು ಎರಡು ಸ್ಟ್ರೋಕಿನ ಇಂಜಿನ್. ಅದರಲ್ಲಿ ಕ್ರ್ಯಾಂಕ್ ಒಂದು ಸುತ್ತು ತಿರುಗಿದಾಗಲೆಲ್ಲ ಒಂದು ಸಲ ಇಂಧನ ಉರಿದು ಶಕ್ತಿ ಸಿಗುತ್ತದೆ. ನಾಲ್ಕು ಸ್ಟ್ರೋಕಿನ ಇಂಜಿನ್ನಿನಲ್ಲಿ ಎರಡು ಸುತ್ತಿಗೆ ಒಂದು ಸಲ. ಎರಡು ಸ್ಟ್ರೋಕಿನ ಇಂಜಿನ್ ಹಗುರ, ಚುರುಕು, ಬಿಚ್ಚಿ ಕಟ್ಟಲು ಸುಲಭ. ಆದರೆ ಒಂದಷ್ಟು ಇಂಧನ ಉರಿಯದೆಯೇ ಆಚೆ ಹೋಗುತ್ತದೆ. ಬೆರೆಸಿದ ಆಯಿಲ್ ಉರಿದು ನೀಲಿ ಹೊಗೆ ಬರುತ್ತದೆ. 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100 ನಾಲ್ಕು ಸ್ಟ್ರೋಕಿನದು. ಲೀಟರಿಗೆ ಅದು ಓಡುತ್ತಿದ್ದ ದೂರದ ಮುಂದೆ ದೊಡ್ಡ ಗಾಡಿಗಳು ಮಂಕಾದವು. ಹೊಗೆಯ ನಿಯಮಗಳೂ ಬಿಗಿಯಾದವು. 1996ರಲ್ಲಿ ಮೈಸೂರಿನ ಕಾರ್ಖಾನೆ ಬಾಗಿಲು ಹಾಕಿತು.

ಕಾರ್ಖಾನೆ ಮುಚ್ಚಿದ ಮೇಲೆ ಆ ಗಾಡಿಗಳೆಲ್ಲ ಗುಜರಿ ಸೇರಬೇಕಿತ್ತು. ಕೆಲವು ಸೇರಿದವು. ಆದರೆ ಮೈಸೂರು, ಬೆಂಗಳೂರುಗಳಲ್ಲಿ ಮಾಲೀಕರು ಕಳಚಿದ ಬಿಡಿಭಾಗಗಳನ್ನು ಕೂಡಿಟ್ಟರು. ಸಿಗದ ಭಾಗವನ್ನು ಲೇತಿನಲ್ಲಿ ಕಡೆಸಿಕೊಂಡರು. ಹಳೆಯ ಮೆಕ್ಯಾನಿಕ್ಕುಗಳನ್ನು ಹುಡುಕಿ ಅವರ ಕೈವಿದ್ಯೆಯನ್ನು ಕಲಿತರು. ಈಗಲೂ ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಜಾವಾ ದಿನವೆಂದು ಆಚರಿಸುತ್ತಾರೆ. ಅಂದು ಅಜ್ಜನ ಕಾಲದ ಗಾಡಿಯನ್ನು ಒರೆಸಿ, ಹೊಳಪು ಕೊಟ್ಟು ಮೊಮ್ಮಕ್ಕಳು ತರುತ್ತಾರೆ. 2018ರಲ್ಲಿ ಜಾವಾ ಹೆಸರಿನಲ್ಲಿ, 2022ರಲ್ಲಿ ಎಜ್ಡಿ ಹೆಸರಿನಲ್ಲಿ ಹೊಸ ಗಾಡಿಗಳು ಮತ್ತೆ ಮಾರುಕಟ್ಟೆಗೆ ಬಂದವು. ಇಪ್ಪತ್ತೆರಡು ವರ್ಷ ಕಾರ್ಖಾನೆಯೇ ಇಲ್ಲದಿದ್ದರೂ ಆ ಹೆಸರಿಗೆ ಬೆಲೆ ಉಳಿದಿತ್ತೆಂದರೆ ಅದನ್ನು ಉಳಿಸಿದವರು ಜಾಹೀರಾತಿನವರಲ್ಲ, ಸವಾರರು.

ನಿಷ್ಠೆ ಎಂದರೆ ಏನು?

ಗಾಡಿಯ ಮೇಲಿನ ಪ್ರೀತಿಯನ್ನು ಕನ್ನಡ ನಾಡಿಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಆಯುಧಪೂಜೆಯ ದಿನ ಗಾಡಿ ತೊಳೆದು, ಕುಂಕುಮ ಇಟ್ಟು, ಹೂವು ಮುಡಿಸಿ, ಬೂದುಗುಂಬಳ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣು ಇಡದ ಮನೆ ಅಪರೂಪ. ಅನ್ನ ಕೊಡುವ ನೇಗಿಲಿಗೆ ಸಲ್ಲುವ ಗೌರವವೇ ಗಾಡಿಗೂ ಸಲ್ಲುತ್ತದೆ. ಆದರೆ ವರ್ಷಕ್ಕೊಂದು ದಿನ ಹೂವು ಮುಡಿಸಿ, ಉಳಿದ ದಿನ ಚೈನಿಗೆ ಒಂದು ಹನಿ ಎಣ್ಣೆಯನ್ನೂ ತೋರಿಸದಿದ್ದರೆ ಅದು ಪ್ರೀತಿಯಾಯಿತೇ?

ಈ ಪ್ರಶ್ನೆಯನ್ನು ಬಹಳ ದೂರ ಕೊಂಡೊಯ್ದವನು ಅಮೆರಿಕದ ರಾಬರ್ಟ್ ಪಿರ್ಸಿಗ್. 1968ರ ಬೇಸಿಗೆಯಲ್ಲಿ ಆತ ಹನ್ನೊಂದು ವರ್ಷದ ಮಗ ಕ್ರಿಸ್‌ನನ್ನು ಹಿಂದೆ ಕೂರಿಸಿಕೊಂಡು ಮಿನಿಯಾಪೊಲಿಸ್‌ನಿಂದ ಸ್ಯಾನ್‌ಫ್ರಾನ್ಸಿಸ್ಕೊವರೆಗೆ ಹೋದ. ಗಾಡಿ ಹೋಂಡಾ ಕಂಪನಿಯ ಸೂಪರ್ ಹಾಕ್, ಸುಮಾರು 305 ಸಿ.ಸಿ.ಯದು. ಆ ಪ್ರಯಾಣವನ್ನು ಆಧರಿಸಿ ಆತ ಬರೆದ ‘ಝೆನ್ ಅಂಡ್ ದಿ ಆರ್ಟ್ ಆಫ್ ಮೋಟಾರ್ ಸೈಕಲ್ ಮೇಂಟೆನೆನ್ಸ್’ ಪುಸ್ತಕವನ್ನು 121 ಪ್ರಕಾಶಕರು ತಿರಸ್ಕರಿಸಿದರು. ಕೊನೆಗೆ 1974ರಲ್ಲಿ ಪ್ರಕಟವಾಗಿ ಲಕ್ಷಾಂತರ ಪ್ರತಿ ಮಾರಾಟವಾಯಿತು. ಅದರಲ್ಲಿ ಜತೆಗೆ ಬರುವ ಸ್ನೇಹಿತನ ಬಳಿ ಬೆಲೆಬಾಳುವ ಬಿ.ಎಂ.ಡಬ್ಲ್ಯು. ಗಾಡಿ ಇದೆ. ಆತನಿಗೆ ಗಾಡಿ ಇಷ್ಟ, ಅದರ ಒಳಗೆ ಏನಿದೆ ಎಂದು ತಿಳಿಯುವುದು ಮಾತ್ರ ಬೇಡ. ಪಿರ್ಸಿಗ್ ಹೇಳುವುದು ಬೇರೆಯೇ. ಕೈಯಲ್ಲಿರುವ ಕೆಲಸದ ಮೇಲೆ ಮನಸ್ಸಿಟ್ಟು ಗಾಡಿ ಸರಿಮಾಡುವವನು ತನ್ನನ್ನೂ ಸರಿಮಾಡಿಕೊಳ್ಳುತ್ತಾನೆ ಎಂಬುದು ಆತನ ವಿಚಾರ. ಆ ಹೋಂಡಾ ಗಾಡಿ ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ.

ಬ್ರಿಟನ್ನಿನ ಪತ್ರಕರ್ತ ಟೆಡ್ ಸೈಮನ್‌ನದು ಇನ್ನೊಂದು ಉದಾಹರಣೆ. 1973ರಲ್ಲಿ 500 ಸಿ.ಸಿ.ಯ ಟ್ರಯಂಫ್ ಗಾಡಿ ಏರಿ ಹೊರಟ ಆತ ನಾಲ್ಕು ವರ್ಷ ಪ್ರಪಂಚ ಸುತ್ತಿದ. ಭಾರತವನ್ನೂ ಹಾದುಹೋದ. 45 ದೇಶ, ಸುಮಾರು ಒಂದು ಲಕ್ಷ ಕಿಲೋಮೀಟರ್, ಒಂದೇ ಗಾಡಿ. ಅದು ದಾರಿಯಲ್ಲಿ ಕೆಟ್ಟಾಗಲೆಲ್ಲ ಆತ ಅಪರಿಚಿತ ಊರುಗಳಲ್ಲಿ ಉಳಿಯಬೇಕಾಯಿತು. ಹಾಗೆ ಉಳಿದದ್ದರಿಂದಲೇ ಜನರ ಪರಿಚಯವಾಯಿತು. ಕೆಡದ ಗಾಡಿಯಲ್ಲಿ ಹೋಗಿದ್ದರೆ ದೇಶಗಳನ್ನು ನೋಡುತ್ತಿದ್ದ, ಜನರನ್ನು ನೋಡುತ್ತಿರಲಿಲ್ಲ.

ಇವರೆಲ್ಲ ಹೊರದೇಶದವರಾಯಿತು. ಇವರಿಗೆ ಏನೂ ಕಡಿಮೆಯಿಲ್ಲದ ಯಾತ್ರೆ ಮೈಸೂರಿನಿಂದಲೇ ಹೊರಟದ್ದುಂಟು.

ಅಪ್ಪನ ಸ್ಕೂಟರು, ಅಮ್ಮನ ಯಾತ್ರೆ

ಮೈಸೂರಿನ ಡಿ. ಕೃಷ್ಣಕುಮಾರ್ ಬೆಂಗಳೂರಿನಲ್ಲಿ ಖಾಸಗಿ ಕಂಪನಿಯ ಉದ್ಯೋಗದಲ್ಲಿದ್ದವರು. ತಂದೆ ತೀರಿಕೊಂಡ ಮೇಲೆ ಒಮ್ಮೆ ತಾಯಿ ಚೂಡಾರತ್ನಮ್ಮನವರ ಬಳಿ, ಬೇಲೂರು ಹಳೇಬೀಡು ನೋಡಿದ್ದೀಯಾ ಎಂದು ಕೇಳಿದರಂತೆ. ದೊಡ್ಡ ಅವಿಭಕ್ತ ಕುಟುಂಬದ ಅಡುಗೆಮನೆಯಲ್ಲೇ ಬದುಕು ಕಳೆದ ಆ ತಾಯಿ, ಹತ್ತಿರದ ದೇವಸ್ಥಾನವನ್ನೂ ಸರಿಯಾಗಿ ನೋಡಿಲ್ಲ ಎಂದರಂತೆ. ಆ ಉತ್ತರ ಮಗನನ್ನು ಕಲಕಿತು. ಉದ್ಯೋಗ ಬಿಟ್ಟು 2018ರ ಜನವರಿ 16ರಂದು ತಾಯಿಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟರು. ಯಾತ್ರೆಗೆ ‘ಮಾತೃ ಸೇವಾ ಸಂಕಲ್ಪ ಯಾತ್ರೆ’ ಎಂದು ಹೆಸರಿಟ್ಟರು.

ಸ್ಕೂಟರು ಬಜಾಜ್ ಚೇತಕ್. ತಂದೆ ಕೊಡಿಸಿದ್ದು, ಹೊರಟಾಗಲೇ ಹಳೆಯದಾಗಿತ್ತು. ಹೊಸದೊಂದು ಕೊಳ್ಳಬಹುದಿತ್ತಲ್ಲ ಎಂದು ಕೇಳಿದವರಿಗೆ ಕೃಷ್ಣಕುಮಾರ್ ಕೊಟ್ಟ ಉತ್ತರ ಸರಳ: ಇದು ತಂದೆಯ ಪ್ರತಿರೂಪ, ಇದರಲ್ಲಿ ಹೋದರೆ ಮೂವರೂ ಜತೆಗೆ ಪ್ರಯಾಣ ಮಾಡಿದಂತೆ. ಕಾಶ್ಮೀರದಿಂದ ಕನ್ಯಾಕುಮಾರಿವರೆಗೆ, ಈಶಾನ್ಯ ರಾಜ್ಯಗಳಿಗೆ, ನೇಪಾಳ, ಭೂತಾನ್, ಮ್ಯಾನ್ಮಾರ್‌ಗೂ ಅದೇ ಸ್ಕೂಟರು ಹೋಯಿತು. ಕೊರೊನಾ ಕಾಲದಲ್ಲಿ, 2020ರ ಸೆಪ್ಟೆಂಬರಿನಲ್ಲಿ ಮೈಸೂರಿಗೆ ಮರಳುವಷ್ಟರಲ್ಲಿ 56 ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಸಾಗಿತ್ತು. ಸುದ್ದಿ ತಿಳಿದ ಉದ್ಯಮಿ ಆನಂದ್ ಮಹೀಂದ್ರಾ ಕಾರೊಂದನ್ನು ಉಡುಗೊರೆಯಾಗಿ ಕಳುಹಿಸಿದರು. ಆದರೆ 2022ರಲ್ಲಿ ಯಾತ್ರೆ ಮುಂದುವರಿದಾಗಲೂ ತಾಯಿ ಮಗ ಹೊರಟದ್ದು ಅದೇ ಸ್ಕೂಟರಿನಲ್ಲಿ.

ಚೇತಕ್ ಎಂಬುದು ರಾಣಾ ಪ್ರತಾಪನ ಕುದುರೆಯ ಹೆಸರು. 1576ರ ಹಲ್ದಿಘಾಟಿ ಯುದ್ಧದಲ್ಲಿ ಗಾಯಗೊಂಡರೂ ಒಡೆಯನನ್ನು ಪಾರುಮಾಡಿ ಪ್ರಾಣಬಿಟ್ಟಿತೆಂಬ ಕಥೆಯನ್ನು ಮಕ್ಕಳು ಶಾಲೆಯಲ್ಲಿ ಓದಿರುತ್ತಾರೆ. ಕುದುರೆ ಜೀವವಿರುವ ಪ್ರಾಣಿ, ಒಡೆಯನನ್ನು ಅದು ಗುರುತಿಸುತ್ತದೆ. ಗಾಡಿಗೆ ಜೀವವಿಲ್ಲ, ಅದು ಯಾರಿಗೂ ನಿಷ್ಠೆ ತೋರಿಸಲಾರದು. ನಿಷ್ಠೆಯೆಲ್ಲ ಸವಾರನ ಕಡೆಯಿಂದಲೇ ಬರಬೇಕು. ಪ್ಲಗ್ ಒರೆಸುವುದು, ಕೇಬಲ್ ಬದಲಿಸುವುದು, ಬ್ರೇಕ್ ಲೈನರ್ ಸವೆಯುವ ಮೊದಲೇ ನೋಡುವುದು, ಇಂಜಿನ್ನಿನ ಸದ್ದಿನಲ್ಲಿ ಸಣ್ಣ ವ್ಯತ್ಯಾಸ ಬಂದರೂ ಕಿವಿಗೊಡುವುದು. ಸವಾರ ಇಷ್ಟು ಮಾಡಿದರೆ ನಡುದಾರಿಯಲ್ಲಿ, ನಡುರಾತ್ರಿಯಲ್ಲಿ ಗಾಡಿ ಕೈಕೊಡುವುದಿಲ್ಲ. ಜನ ಅದನ್ನೇ ಗಾಡಿಯ ನಿಷ್ಠೆ ಎನ್ನುತ್ತಾರೆ.

ಹಳೆಯದೆಂಬ ಒಂದೇ ಕಾರಣಕ್ಕೆ ಗಾಡಿಯನ್ನು ಹಾದಿಗಿಳಿಸುವುದೂ ಸರಿಯಲ್ಲ. ಹದಿನೈದು ವರ್ಷ ತುಂಬಿದ ಗಾಡಿಯ ನೋಂದಣಿಯನ್ನು ನವೀಕರಿಸಬೇಕು, ಆಮೇಲೆ ಐದೈದು ವರ್ಷಕ್ಕೊಮ್ಮೆ. ಹೊಗೆ ತಪಾಸಣೆ, ವಿಮೆ ಇರಲೇಬೇಕು. ಹಳೆಯ ಡ್ರಮ್ ಬ್ರೇಕು ಇಂದಿನ ಹೆದ್ದಾರಿಯ ವೇಗಕ್ಕಾಗಿ ಮಾಡಿದ್ದಲ್ಲ. ತನ್ನ ಗಾಡಿಯ ಶಕ್ತಿಯಂತೆ ಮಿತಿಯನ್ನೂ ತಿಳಿದಿರುವವನೇ ಅದನ್ನು ಬಲ್ಲವನು.

ಮನೆಯೊಳಗಿನ ಮಾತು

ಪಿ.ಯು.ಸಿ. ಮುಗಿಯುವ ಹೊತ್ತಿಗೆ ಅನೇಕ ಮನೆಗಳಲ್ಲಿ ಬೈಕಿನ ಮಾತು ಏಳುತ್ತದೆ. ಮಗನಿಗೆ ಬೈಕ್ ಬೇಕು. ಅಪ್ಪನಿಗೆ ಕಂತಿನ ಚಿಂತೆ. ಅಮ್ಮನಿಗೆ ಜೀವದ ಚಿಂತೆ. ಈಚೆಗೆ ಮಗಳೂ ಕೇಳುತ್ತಾಳೆ, ಕೇಳಬೇಕಾದದ್ದೇ. ಕೊಡಿಸುವುದಿಲ್ಲ ಎಂದರೆ ಮುನಿಸು. ಕೊಡಿಸಿದರೆ ಪ್ರತಿ ಸಂಜೆ ಗೇಟಿನ ಸದ್ದಿಗೆ ಕಾಯುವ ಕೆಲಸ. ಇದು ಹಗುರವಾಗಿ ತಳ್ಳಿಹಾಕುವ ಚಿಂತೆಯಲ್ಲ. ಹೆದ್ದಾರಿ ಬದಿಯ ಯಾವ ಊರಿನಲ್ಲಿ ಕೇಳಿದರೂ ಮನೆಗೆ ಮರಳದ ಒಬ್ಬ ಹುಡುಗನ ಕಥೆ ಇರುತ್ತದೆ.

ಕಾನೂನು ಸ್ಪಷ್ಟವಾಗಿದೆ. ಗೇರ್ ಇರುವ ಗಾಡಿಗೆ ಹದಿನೆಂಟು ತುಂಬಿರಬೇಕು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಅಪ್ರಾಪ್ತ ವಯಸ್ಸಿನವರು ಗಾಡಿ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆಮನೆ ವಾಸ ಮತ್ತು 25,000 ರೂಪಾಯಿ ದಂಡ ವಿಧಿಸಬಹುದು. ಗಾಡಿಯ ನೋಂದಣಿ ಒಂದು ವರ್ಷ ರದ್ದಾಗುತ್ತದೆ. ಆ ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದದ್ದು 2016ರ ಜನವರಿಯಲ್ಲಿ.

ಆದರೆ ಕಾನೂನಿನ ಹೆದರಿಕೆಯೊಂದರಿಂದಲೇ ಯಾರೂ ಒಳ್ಳೆಯ ಸವಾರರಾಗುವುದಿಲ್ಲ. ದೂರದ ಪ್ರಯಾಣದಲ್ಲಿ ನುರಿತವರು ಹೊಸಬರಿಗೆ ಹೇಳುವ ಕ್ರಮವೊಂದಿದೆ. ಮೊದಲು ಗಾಡಿ ಒರೆಸಲು ಕಲಿ. ಒರೆಸುವಾಗ ಯಾವ ನಟ್ ಸಡಿಲವಾಗಿದೆ, ಎಲ್ಲಿ ಎಣ್ಣೆ ಜಿನುಗುತ್ತಿದೆ ಎಂಬುದು ತಾನಾಗಿ ಕಣ್ಣಿಗೆ ಬೀಳುತ್ತದೆ. ಆಮೇಲೆ ಪ್ಲಗ್ ಬಿಚ್ಚುವುದು, ಚೈನ್ ಬಿಗಿ ಮಾಡುವುದು, ಪಂಚರ್ ಹಾಕುವುದು. ಅದಾದ ಮೇಲೆ ನೂರು ಕಿಲೋಮೀಟರಿನ ಒಳಗಿನ ಒಂದು ಊರಿಗೆ ಹಗಲಿನಲ್ಲಿ ಹೋಗಿ ಹಗಲಿನಲ್ಲೇ ಮರಳುವುದು. ಎಷ್ಟು ಬೇಗ ಹೋದೆ ಎಂಬುದಕ್ಕೆ ಅವರಲ್ಲಿ ಮರ್ಯಾದೆ ಇಲ್ಲ. ಹೇಳಿದ ಹೊತ್ತಿಗೆ, ಹೋದ ಹಾಗೆಯೇ ಮನೆಗೆ ಬಂದೆಯಾ ಎಂಬುದಕ್ಕಿದೆ.

ಅಂಥ ಮೊದಲ ಪ್ರಯಾಣಕ್ಕೆ ದೇವರಾಯಸಮುದ್ರದ ದಾರಿ ಹೇಳಿ ಮಾಡಿಸಿದಂತಿದೆ. ಅಪ್ಪ ಒಂದು ಗಾಡಿಯಲ್ಲಿ, ಮಗನೋ ಮಗಳೋ ಇನ್ನೊಂದರಲ್ಲಿ ಹೊರಟರೆ ಇನ್ನೂ ಒಳ್ಳೆಯದು. ಬೆಳಗ್ಗೆ ಆರಕ್ಕೆ ಬೆಂಗಳೂರು ಬಿಟ್ಟು, ಕೋಲಾರದಲ್ಲಿ ಒಮ್ಮೆ ನಿಂತು ಮೈ ಸಡಿಲಿಸಿ ಮುಂದೆ ಸಾಗಬಹುದು. ನಾಲ್ಕು ಪಥದ ರಸ್ತೆ ಎಂದು ಮೈಮರೆಯುವಂತಿಲ್ಲ. ಟೊಮೆಟೊ ಕ್ರೇಟುಗಳನ್ನು ಹೇರಿದ ವ್ಯಾನುಗಳು ಮಂಡಿ ಹಿಡಿಯುವ ಅವಸರದಲ್ಲಿರುತ್ತವೆ. ಟ್ರಾಕ್ಟರುಗಳು ಎದುರು ದಿಕ್ಕಿನಲ್ಲೇ ಬಂದುಬಿಡುತ್ತವೆ. ಸುಗ್ಗಿಯಲ್ಲಿ ಹಳ್ಳಿಯ ರಸ್ತೆಗಳ ಮೇಲೆ ರಾಗಿ, ಹುರುಳಿ ಹರಡಿರುತ್ತದೆ. ಗಾಡಿಗಳ ಚಕ್ರವೇ ಅಲ್ಲಿ ಒಕ್ಕಣೆಯ ಗುಂಡು. ಒಣ ಹುಲ್ಲಿನ ಮೇಲೆ ಬ್ರೇಕ್ ಹಿಡಿದರೆ ಗಾಡಿ ಜಾರುತ್ತದೆ. ಇಂಥ ಕಡೆ ನಿಧಾನಿಸುವುದನ್ನು ಕಲಿತವನು ಮುಂದೆ ಎಲ್ಲಿಗೆ ಹೋದರೂ ಬಾಳುತ್ತಾನೆ.

ಮುಳಬಾಗಿಲು, ಕುರುಡುಮಲೆ, ಆವನಿ

ದೇವರಾಯಸಮುದ್ರದ ಬೆಟ್ಟದ ಸೊಬಗು ನೋಡಬೇಕಾದರೆ ಎಳೆಬಿಸಿಲಿನಲ್ಲೇ ನೋಡಬೇಕು. ಕೋಲಾರ ಸೀಮೆಯ ಕಲ್ಲಿಗೆ ಸುಮಾರು 250 ಕೋಟಿ ವರ್ಷ ವಯಸ್ಸು ಎಂದು ಭೂವಿಜ್ಞಾನಿಗಳು ಲೆಕ್ಕಹಾಕಿದ್ದಾರೆ. ಬಿಸಿಲು, ಗಾಳಿ, ಮಳೆಗಳು ಬಿರುಕುಗಳ ಗುಂಟ ಕೊರೆದು ಕೊರೆದು ಚೌಕದ ಬಂಡೆಗಳನ್ನು ದುಂಡಗೆ ಮಾಡಿವೆ.

ಅಲ್ಲಿಂದ ಮುಂದೆ ಮುಳಬಾಗಿಲು. ಡಿ.ವಿ. ಗುಂಡಪ್ಪನವರು 1887ರಲ್ಲಿ ಹುಟ್ಟಿದ ಊರು. ಅಂಚು ಗರಿಗರಿ, ನಡುವೆ ಮೆತ್ತಗಿನ ಮುಳಬಾಗಿಲು ದೋಸೆಗೆ ತುಪ್ಪ, ಆಲೂಗಡ್ಡೆ ಪಲ್ಯ ಸೇರಿದರೆ ಬೆಳಗಿನ ಹಸಿವು ತೀರುತ್ತದೆ. ಊರಿನಲ್ಲಿ ಆಂಜನೇಯನ ಗುಡಿಯಿದೆ. ಹೊರವಲಯದ ನರಸಿಂಹತೀರ್ಥದಲ್ಲಿ ವ್ಯಾಸರಾಯರ ಗುರುಗಳಾದ ಶ್ರೀಪಾದರಾಜರ ವೃಂದಾವನವಿದೆ. ಸುಮಾರು ಹತ್ತು ಕಿಲೋಮೀಟರ್ ದೂರದ ಕುರುಡುಮಲೆಯಲ್ಲಿ ಹದಿಮೂರು ಅಡಿಗೂ ಎತ್ತರದ ಏಕಶಿಲಾ ಗಣಪತಿ. ಹೊಸ ಕೆಲಸಕ್ಕೆ ಕೈಹಾಕುವವರು ಮೊದಲು ಇಲ್ಲಿಗೆ ಬಂದು ಹೋಗುವ ರೂಢಿಯುಂಟು. ಹೊಸ ಗಾಡಿ ಕೊಂಡವರಿಗೂ ಇದು ಒಳ್ಳೆಯ ನೆಪ. ಇನ್ನೊಂದು ದಿಕ್ಕಿನಲ್ಲಿ ಆವನಿ ಬೆಟ್ಟ, ಅದರ ಬುಡದಲ್ಲಿ ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿಗಳ ಸಮೂಹ. ಲವಕುಶರು ಹುಟ್ಟಿದ್ದು ಇಲ್ಲೇ ಎಂದು ಊರಿನ ನಂಬಿಕೆ.

ಇವೆಲ್ಲವನ್ನೂ ಒಂದೇ ದಿನದಲ್ಲಿ ಮುಗಿಸಬೇಕೆಂಬ ಹಟ ಬೇಡ. ಇಪ್ಪತ್ತನಾಲ್ಕು ಗಂಟೆಯಲ್ಲಿ ಸಾವಿರ ಮೈಲಿ, ಎಂದರೆ 1,609 ಕಿಲೋಮೀಟರ್ ಓಡಿಸಿ ಪ್ರಮಾಣಪತ್ರ ಪಡೆಯುವ ಪದ್ಧತಿ ಅಮೆರಿಕದಲ್ಲಿ ಹುಟ್ಟಿ ಇಲ್ಲಿಗೂ ಬಂದಿದೆ. ಅದು ಪಳಗಿದವರ ಆಟ. ಕಲಿಯುವವರಿಗೆ ಒಂದು ಊರು, ಒಂದು ಗುಡಿ, ಒಂದು ಕೆರೆ ಸಾಕು.

ಏರಿಯ ಮೇಲೆ

ಕೋಲಾರ ಸೀಮೆಯ ಕೆರೆಗಳಿಗೆ ಹಿಂದೆ ನೀರುಗಂಟಿಗಳಿದ್ದರು. ತೂಬು ಎತ್ತಿ ಗದ್ದೆಗೆ ನೀರು ಬಿಡುವುದು, ಏರಿಯಲ್ಲಿ ಬಿಲ ಬಿದ್ದರೆ ಮುಚ್ಚುವುದು, ಮಳೆಯ ರಾತ್ರಿ ಲಾಟೀನು ಹಿಡಿದು ಕೋಡಿ ನೋಡಿ ಬರುವುದು ಅವರ ಕೆಲಸ. ಬೇಸಿಗೆಯಲ್ಲಿ ಊರವರೆಲ್ಲ ಸೇರಿ ಹೂಳೆತ್ತುತ್ತಿದ್ದರು. ಕೆರೆ ಕಟ್ಟಿಸಿದ ಅರಸನ ಹೆಸರು ಊರಿಗೆ ಉಳಿದಿದೆ. ಏರಿ ಒಡೆಯದಂತೆ ಕಾದವರ ಹೆಸರು ಯಾವ ಶಾಸನದಲ್ಲೂ ಇಲ್ಲ. ಕೊಳವೆ ಬಾವಿಗಳು ಬಂದ ಮೇಲೆ ಈ ಕಾಯುವಿಕೆ ಸಡಿಲವಾಯಿತು. ಕೆರೆಗಳಲ್ಲಿ ಹೂಳು, ಜಾಲಿ ತುಂಬಿದವು, ಅಂತರ್ಜಲ ಪಾತಾಳ ಸೇರಿತು. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಜಿಲ್ಲೆಯ ಕೆರೆಗಳಿಗೆ ತರುವಂತಾಯಿತು. ಕಟ್ಟುವುದಕ್ಕೆ ಒಮ್ಮೆ ಹಣ ಸಾಕು. ಉಳಿಸಿಕೊಳ್ಳುವುದಕ್ಕೆ ದಿನವೂ ಗಮನ ಬೇಕೆಂಬ ಪಾಠ ಈ ಜಿಲ್ಲೆಗೆ ತುಟ್ಟಿಯಾಗಿ ಸಿಕ್ಕಿತು.

ಗಾಡಿಯ ಮಾತೂ ಇದೇ. ಶೋರೂಮಿನಿಂದ ಗಾಡಿ ತರುವ ದಿನ ಮನೆಯಲ್ಲಿ ಹಬ್ಬ. ಹಣ ಅಪ್ಪನದೋ ಬ್ಯಾಂಕಿನದೋ ಆಗಿರುತ್ತದೆ. ಗಾಡಿ ನಿಜವಾಗಿ ತನ್ನದಾಗುವುದು ಆಮೇಲೆ, ಅದರ ಪ್ರತಿ ಸದ್ದನ್ನೂ ಗುರುತು ಹಿಡಿಯುವಷ್ಟು ದಿನ ಅದರ ಜತೆ ಕಳೆದಾಗ. ಎರಡು ವರ್ಷಕ್ಕೊಮ್ಮೆ ಎಕ್ಸ್‌ಚೇಂಜ್ ಆಫರ್ ನೋಡಿ ಗಾಡಿ ಬದಲಿಸುವವನು ಹೊಸತನದ ಸುಖವನ್ನೇನೋ ಕಾಣುತ್ತಾನೆ. ಮೈಸೂರಿನ ಆ ತಾಯಿ ಮಗನಿಗೆ ಸಿಕ್ಕಿದ ಸುಖ ಅವನಿಗೆ ಸಿಗುವುದು ಕಷ್ಟ.

ಬೈಕು ಕೇಳುವ ಮಕ್ಕಳಿಗೆ ಹೆತ್ತವರು ಇಡಬಹುದಾದ ಒಂದು ಷರತ್ತು ಇದರಲ್ಲಿದೆ. ಮನೆಯಲ್ಲಿ ಈಗಾಗಲೇ ಇರುವ ಗಾಡಿಯನ್ನು, ಅದು ಅಪ್ಪನ ಹಳೆಯ ಸ್ಕೂಟರೇ ಆಗಲಿ, ಒಂದು ವರ್ಷ ಕೈಯಾರೆ ನೋಡಿಕೊಳ್ಳಲಿ. ವರ್ಷ ಕಳೆದ ಮೇಲೆ ಹೊಸ ಗಾಡಿಯೇ ಬೇಕೆಂದರೆ ಸಂತೋಷವಾಗಿ ಕೊಡಿಸಬಹುದು, ಏಕೆಂದರೆ ಕಾಪಾಡುವುದನ್ನು ಆಗ ಕಲಿತಿರುತ್ತಾರೆ. ಹಳೆಯದನ್ನು ಬಿಡಲೊಲ್ಲೆ ಎಂದರೂ ಆಶ್ಚರ್ಯವಿಲ್ಲ. ಎರಡರಲ್ಲಿ ಯಾವುದಾದರೂ ಸರಿ, ಒಂದು ಭಾನುವಾರ ಬೆಳಗ್ಗೆ ದೇವರಾಯಸಮುದ್ರದವರೆಗೆ ಹೋಗಿಬರಲು ಅವರನ್ನು ಧೈರ್ಯವಾಗಿ ಕಳುಹಿಸಬಹುದು.